ಕೈ ಸೋಕದ ಮಣ್ಣು

"ಕಾಲೆತ್ತು" ಅಂದ ಕಾವಲಿನವನು.

ಎತ್ತಿದೆ. ಅವನು ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡಿದ್ದ. ಸತ್ತ ಇಲಿಯನ್ನು ಹಿಡಿಯುವ ಹಾಗೆ ಎರಡೇ ಬೆರಳಲ್ಲಿ ಹಿಡಿದು ನನ್ನ ಪಾದಕ್ಕೊಂದು ಪ್ಲಾಸ್ಟಿಕ್ ಚೀಲ ತೊಡಿಸಿ, ಅದು ಜಾರದ ಹಾಗೆ ರಬ್ಬರ್ ಬ್ಯಾಂಡ್ ಸುತ್ತಿದ.

"ಇನ್ನೊಂದು."

ಅದನ್ನೂ ಎತ್ತಿದೆ. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಬುಟ್ಟಿ, ಬುಟ್ಟಿಯ ತುಂಬ ಹಸಿ ಮಣ್ಣು. ಹಾಗೆ ಹೊತ್ತು ಒಂಟಿ ಕಾಲಲ್ಲಿ ನಿಂತು ನೋಡಿ ಒಮ್ಮೆ. ಕತ್ತಿನ ನರ ಬಾವಿ ಹಗ್ಗದ ಹಾಗೆ ಬಿಗಿಯುತ್ತದೆ. ಕಣ್ಣಿನ ಮುಂದೆ ಕಪ್ಪು ಚುಕ್ಕಿ ಕುಣಿಯುತ್ತವೆ.

ನನ್ನ ಹಿಂದೆ ರೇಡಿಯೊ ಅಕ್ಕ ನಿಂತಿದ್ದಳು. ಬೆಳಗ್ಗೆ ಬಾಯಿ ತೆರೆದರೆ ಮಲಗುವ ತನಕ ಮುಚ್ಚುವವಳಲ್ಲ, ಅದಕ್ಕೇ ಆ ಹೆಸರು. ನಾವಿಬ್ಬರೂ ಒಂದೇ ಬೀದಿ ಗುಡಿಸುವವರು, ಅವಳು ಎಡಗಡೆ, ನಾನು ಬಲಗಡೆ.

"ನಮ್ಮ ಕಾಲಿಗೆ ಏನು ರೋಗ ಬಂದಿದೆಯಪ್ಪಾ?" ಅಂತ ಕೇಳಿದಳು.

"ಒಳಗೆ ಬಿಳಿ ನೆಲ. ಗುರುತು ಬೀಳುತ್ತೆ."

"ಅದರ ಮೇಲೆ ಮಣ್ಣು ಸುರಿಯೋಕೆ ತಾನೇ ನಾವು ಹೋಗ್ತಿರೋದು? ಮಣ್ಣು ಬಿದ್ರೆ ಗುರುತಾಗಲ್ಲ, ನಮ್ಮ ಕಾಲು ಬಿದ್ರೆ ಗುರುತಾಗುತ್ತಾ?"

"ಬಾಯಿ ಮುಚ್ಕೊಂಡು ಕಾಲೆತ್ತು."

ಅಲ್ಲಿ ಲಿಫ್ಟ್ ಇತ್ತು. ಕುರ್ಚಿ ಹೋಗುತ್ತಿದ್ದವು, ಗಾಜಿನ ಮೇಜು ಹೋಗುತ್ತಿದ್ದವು, ಹೂಕುಂಡ ಹೋಗುತ್ತಿದ್ದವು. ನಮಗೆ ಹಿಂದಿನ ಮೆಟ್ಟಿಲು. ಪ್ಲಾಸ್ಟಿಕ್ ಕಟ್ಟಿದ ಕಾಲು ಮೆಟ್ಟಿಲನ್ನು ಹಿಡಿಯುವುದಿಲ್ಲ. ಒಳಗೆ ಬೆವರು ತುಂಬಿ ಪಾದ ಪಚಪಚ ಅನ್ನುತ್ತದೆ. ಬೆರಳನ್ನು ಮಡಿಸಿ, ಹಲ್ಲು ಕಚ್ಚಿ, ಗೋಡೆಗೆ ಮೊಣಕೈ ಒರಗಿಸಿಕೊಂಡು ಹತ್ತಬೇಕು. ಗೋಡೆಗೆ ಮೊಣಕೈ ತಾಗಿದರೆ ಮೇಲಿಂದ ಮೇಸ್ತ್ರಿ ಕೂಗುತ್ತಿದ್ದ, "ಏಯ್, ಸುಣ್ಣ! ಹೊಸ ಸುಣ್ಣ!"

ಸುಣ್ಣಕ್ಕಿರುವ ಮರ್ಯಾದೆ ನಮ್ಮ ಮೊಣಕೈಗಿಲ್ಲ.

ಆ ಕಟ್ಟಡವನ್ನು ಗ್ಯಾಲರಿ ಅನ್ನುತ್ತಾರೆ. ಅದರ ಮುಂದಿನ ಬೀದಿಯನ್ನು ನಾವೇ ಗುಡಿಸುವುದು, ಆದರೆ ಒಳಗೆ ಕಾಲಿಟ್ಟದ್ದು ಅವತ್ತೇ. ಮೇಲಿನ ಮಹಡಿಯಲ್ಲಿ ಒಂದು ದೊಡ್ಡ ಹಜಾರ. ಕಿಟಕಿ ಇಲ್ಲ, ಸಾಮಾನಿಲ್ಲ, ಬರೀ ಬಿಳುಪು. ಆಸ್ಪತ್ರೆಯಲ್ಲಾದರೂ ಮಂಚ ಇರುತ್ತದೆ. ಈ ಹಜಾರದ ತುಂಬ ಪಾದ ಮುಳುಗುವಷ್ಟು ಮಣ್ಣು ತುಂಬಬೇಕು. ನೋಡಲು ಬರುವ ದೊಡ್ಡವರು ಬಾಗಿಲಲ್ಲಿ ಬೂಟು ಬಿಚ್ಚಿ, ಬರಿಗಾಲಲ್ಲಿ ಆ ಮಣ್ಣಿನ ಮೇಲೆ ನಡೆಯುತ್ತಾರೆ. ಆಗ ಮನುಷ್ಯನಿಗೂ ಪ್ರಕೃತಿಗೂ ಕಡಿದುಹೋದ ಸಂಬಂಧ ಮತ್ತೆ ಕೂಡಿಕೊಳ್ಳುತ್ತದೆ. ಇದು ನನ್ನ ಮಾತಲ್ಲ, ಮೇಸ್ತ್ರಿ ಹೇಳಿದ್ದು. ಅವನಿಗೆ ಮೇಡಂ ಹೇಳಿದ್ದು.

ಮಣ್ಣು ಹೊರುವವರ ಕಾಲಿಗೆ ಪ್ಲಾಸ್ಟಿಕ್ಕು. ಮಣ್ಣು ನೋಡದವರಿಗೆ ಬರಿಗಾಲು. ಸಂಬಂಧ ಕೂಡುವುದು ಹೀಗೆ.

ಆ ಮೇಡಂ ದೊಡ್ಡ ಕಲಾವಿದೆ. ದೂರದೂರದ ಪಟ್ಟಣಗಳಲ್ಲಿ ಅವಳ ಕೆಲಸ ನೋಡಲು ಸಾಲು ನಿಲ್ಲುತ್ತಾರಂತೆ. ಒಂದು ಕಡೆ ಒಣಗಿದ ಮರ ತಲೆಕೆಳಗೆ ನೇತುಹಾಕಿದ್ದಳಂತೆ. ಇನ್ನೊಂದು ಕಡೆ ಮಂಜುಗಡ್ಡೆ ತಂದಿಟ್ಟು ಅದು ಕರಗುವುದನ್ನು ಜನಕ್ಕೆ ತೋರಿಸಿದ್ದಳಂತೆ. "ನಮ್ಮ ಮನೇಲಿ ಉಪ್ಪು ಕರಗೋದನ್ನ ನೋಡೋಕೆ ಯಾರೂ ಬರಲ್ಲ ನೋಡು" ಅಂದಿದ್ದಳು ರೇಡಿಯೊ. ಮೇಡಂ ಎಲ್ಲಿಗೆ ಬಂದರೂ ಬರಿಗಾಲು. ಕಾರಿನಿಂದ ಬರಿಗಾಲಲ್ಲಿ ಇಳಿಯುತ್ತಾಳೆ, ನುಣುಪಾದ ಕಲ್ಲುಹಾಸಿನ ಮೇಲೆ ನಡೆಯುತ್ತಾಳೆ, ಬರಿಗಾಲಲ್ಲಿ ಕಾರು ಹತ್ತುತ್ತಾಳೆ. ಹಿಂದೆ ಕಾರಿನ ಚಾಲಕ ಅವಳ ಚಪ್ಪಲಿಯನ್ನು ಚೀಲದಲ್ಲಿ ಹಿಡಿದು ನಡೆಯುತ್ತಾನೆ. ಅದನ್ನು ಕಂಡ ದಿನವೇ ರೇಡಿಯೊ ಹೆಸರಿಟ್ಟಳು: ಬರಿಗಾಲಮ್ಮ.

ಮಧ್ಯಾಹ್ನದ ಹೊತ್ತಿಗೆ ನನ್ನ ಕತ್ತು ತಿರುಗದಾಯಿತು. ಮೇಸ್ತ್ರಿ ನನ್ನನ್ನು ಜರಡಿಗೆ ಹಾಕಿದ.

"ಕಡ್ಡಿ, ಮೂಳೆ, ಮೊಟ್ಟೆ ಸಿಪ್ಪೆ ಒಂದೂ ಇರಬಾರದು. ಮೇಡಂಗೆ ಶುದ್ಧ ಮಣ್ಣು ಬೇಕು. ಕಾಡಿನ ಮಣ್ಣು."

"ಕಾಡಲ್ಲಿ ಮೊಟ್ಟೆ ಯಾರು ಸುಲಿದ್ರು?" ಅಂದೆ.

"ಜರಡಿ ಆಡ್ಸು. ನಾಲಿಗೆ ಬೇಡ."

ಜರಡಿ ಆಡಿಸಿದೆ. ಮಣ್ಣು ಕಪ್ಪಗಿತ್ತು, ಹುಡಿಹುಡಿಯಾಗಿತ್ತು. ಮೊಟ್ಟೆ ಸಿಪ್ಪೆ ಬಂತು. ಅಂಗಿಯ ಒಡೆದ ಗುಂಡಿ ಬಂತು. ಆಮೇಲೆ ಜರಡಿಯ ಮೇಲೆ ಏನೋ ಕುಣಿಯಿತು. ಎತ್ತಿ ನೋಡಿದೆ.

ಮೋಟು ಪೊರಕೆ. ಸವೆದು ಗೇಣುದ್ದ ಉಳಿದದ್ದು. ಕಡ್ಡಿಗಳು ಕೊಳೆತಿದ್ದವು, ಕಟ್ಟು ಮಾತ್ರ ಬಿಗಿಯಾಗಿತ್ತು. ಕೆಂಪು ಬಟ್ಟೆಯ ಪಟ್ಟಿ, ಮೂರು ಸುತ್ತು, ಕೊನೆಗೆ ಒಳಗೆ ತೂರಿಸಿದ ಗಂಟು. ಆ ಗಂಟು ಹಾಕಿದ್ದು ನಾನು. ಆ ಕೆಂಪು ಬಟ್ಟೆ ನನ್ನ ಮದುವೆಯ ಕುಪ್ಪಸದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಾವಿರುವುದು ಪಂಪುಮನೆಯ ಹಿಂದೆ, ಗುಡಿಸುವವರ ಸಾಲಿನಲ್ಲಿ. ಒಂದಕ್ಕೊಂದು ಅಂಟಿದ ಕೋಣೆಗಳು. ಹಿಂದೆ ಒಂದು ಬಯಲು. ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಅಲ್ಲಿಗೆ ಬಂದಾಗ ಅದು ಬಯಲೂ ಅಲ್ಲ. ಯಾವುದೋ ಕಟ್ಟಡ ಒಡೆದ ಕಲ್ಲು, ಇಟ್ಟಿಗೆ ಚೂರು, ಗಾಜು ಎಲ್ಲವನ್ನೂ ಅಲ್ಲೇ ಸುರಿದಿದ್ದರು. ನಮ್ಮಂಥವರ ಮನೆಯ ಹಿಂದೆ ಅಲ್ಲದೆ ಇನ್ನೆಲ್ಲಿ ಸುರಿಯುತ್ತಾರೆ? ಅತ್ತೆ ಮುಂಜಾನೆ ಬೀದಿ ಗುಡಿಸುವುದು, ಸಂಜೆ ಕೂತು ಗಾಜು ಆಯುವುದು. ಬಲಗೈಯ ಕಿರುಬೆರಳಿನ ತುದಿ ಆ ಗಾಜಿಗೇ ಹೋಯಿತು. ಬೀದಿಯಲ್ಲಿ ಗುಡಿಸಿದ ಎಲೆ ತಂದು ಹಾಕಿದರು. ಸಾಲಿನ ಮನೆಮನೆಯ ತರಕಾರಿ ಸಿಪ್ಪೆ, ಒಲೆ ಬೂದಿ, ಚಹಾದ ಚರಟ, ಮೀನಿನ ತಲೆ ಎಲ್ಲ ಕೇಳಿ ತಂದು ಹಾಕಿದರು. ಜನ ನಕ್ಕರು. ನಾಯಿಗಳು ಅಗೆದವು. ಅತ್ತೆ ಮತ್ತೆ ಮುಚ್ಚಿದರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಕಲ್ಲಿನ ಮೇಲೆ ಕಪ್ಪು ಮಣ್ಣಿನ ಮಡಿ ಎದ್ದಿತ್ತು. ಸೊಪ್ಪು, ಮೆಣಸಿನಗಿಡ, ಗೋಡೆ ಹತ್ತುವ ಕುಂಬಳದ ಬಳ್ಳಿ. ಸಾಲಿನಲ್ಲಿ ಯಾವ ಹೆಂಗಸು ಹೆತ್ತರೂ ಮೊದಲ ಸೊಪ್ಪು ಅವಳಿಗೆ. ಯಾವ ಮನೆಯಲ್ಲಿ ಒಲೆ ಉರಿಯದಿದ್ದರೂ ಅತ್ತೆಗೆ ಗೊತ್ತಾಗುತ್ತಿತ್ತು, ಯಾಕೆಂದರೆ ಆ ಮನೆಯಿಂದ ಬೂದಿ ಬರುತ್ತಿರಲಿಲ್ಲ.

ಅತ್ತೆಯ ಒಂದು ಪದ್ಧತಿ. ಪೊರಕೆ ಸವೆದು ಮೋಟಾದರೆ ಎಸೆಯುವ ಹಾಗಿಲ್ಲ, ಮಡಿಯಲ್ಲಿ ಹೂಳಬೇಕು. "ನಮ್ಮ ಜೊತೆ ದುಡಿದಿದ್ದು. ಕಸ ಗುಡಿಸಿ ಕಸಕ್ಕೇ ಹೋಗೋದು ನ್ಯಾಯ ಅಲ್ಲ" ಅನ್ನುತ್ತಿದ್ದರು. ಸಾಲಿನ ಹೆಂಗಸರೆಲ್ಲ ಹಾಗೇ ಮಾಡುತ್ತಿದ್ದೆವು. ಪೊರಕೆ ಹೂಳುವ ಊರು ಬೇರೆ ಎಲ್ಲಾದರೂ ಇದ್ದರೆ ನಾನು ಕಾಣೆ.

ಈಗ ಹೇಳಿ, ಕಾಡಿನ ಮಣ್ಣಿನಲ್ಲಿ ನನ್ನ ಕುಪ್ಪಸದ ಬಟ್ಟೆ ಹೇಗೆ ಬಂತು?

ಮೋಟು ಪೊರಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದೆ. ಮೇಸ್ತ್ರಿ ಕೂಗಿದ. ಕಾಲಿನ ಪ್ಲಾಸ್ಟಿಕ್ ಕಿತ್ತೆಸೆದು ಓಡಿದೆ.

ಮಡಿ ಇರಲಿಲ್ಲ. ಮಡಿ ಇದ್ದ ಕಡೆ ಹೊಂಡ. ಯಂತ್ರದ ಹಲ್ಲಿನ ಗೀರುಗಳು ಹುಲಿ ಪರಚಿದ ಹಾಗೆ ಬಿದ್ದಿದ್ದವು. ತಳದಲ್ಲಿ ಹಳೆಯ ಇಟ್ಟಿಗೆ, ಸಿಮೆಂಟಿನ ಗಟ್ಟಿ, ಗಾಜು ಮತ್ತೆ ಮೇಲೆದ್ದು ಬಿಸಿಲಿಗೆ ಮಿನುಗುತ್ತಿದ್ದವು. ಕುಂಬಳದ ಬಳ್ಳಿ ಬೇರು ಮೇಲಾಗಿ ಬಿದ್ದಿತ್ತು. ಹೊಂಡದ ನಡುವೆ ಅತ್ತೆ ಕೂತಿದ್ದರು. ಮೊಣಕೈ ತರಚಿತ್ತು.

"ಅತ್ತೆ, ಎದ್ದೇಳಿ."

"ಎಲ್ಲಿಗೆ ಹೋಗಿದ್ದೆ?"

"ಬೀದಿ ಮುಗಿಸಿ ಹಾಗೇ ಕೆಲಸಕ್ಕೆ. ಮೇಸ್ತ್ರಿ ಕರೆದ."

"ಏನು ಕೆಲಸ?"

ನಾನು ಸೊಂಟದಿಂದ ಮೋಟು ಪೊರಕೆ ತೆಗೆದು ಅವರ ಮುಂದಿಟ್ಟೆ. ಅತ್ತೆ ಕೆಂಪು ಕಟ್ಟನ್ನು ಬೆರಳಲ್ಲಿ ಸವರಿದರು.

"ನೀನೇ ಹೊತ್ತೆಯಾ?"

"ಹೂಂ."

"ತಲೆ ಮೇಲೆ?"

"ಹೂಂ."

ಬೈಯುತ್ತಾರೆ ಅಂದುಕೊಂಡೆ. ಅತ್ತೆ ನಕ್ಕರು. ಆ ನಗುವಿಗಿಂತ ನಾಲ್ಕು ಏಟು ವಾಸಿ.

"ಭೇಷ್. ನಮ್ಮ ಮನೆ ದೋಚೋಕೆ ನಮ್ಮನ್ನೇ ಕೂಲಿಗೆ ಕರೀತಾರೆ. ಕಳ್ಳನ ಬೆನ್ನು ನೋಯಬಾರದು ನೋಡು."

ಯಂತ್ರದ ಮುಂದೆ ಅಡ್ಡ ಮಲಗಿದ್ದರಂತೆ. ಮೇಸ್ತ್ರಿಯ ಆಳುಗಳು ಹಾಸಿಗೆ ಎತ್ತಿಡುವ ಹಾಗೆ ಪಕ್ಕಕ್ಕೆ ಇಟ್ಟರಂತೆ. "ಮುಟ್ಟೋಕೆ ಹೇಸಿದ್ರು ಕಣಮ್ಮ. ಗೋಣಿ ಸುತ್ತಿ ಎತ್ತಿದ್ರು" ಅಂದರು. ಅಷ್ಟು ಹೇಳಿ ಹೊಂಡದಲ್ಲಿ ಒಂದು ಗಾಜಿನ ಚೂರು ಆಯ್ದರು. ಬದಿಗಿಟ್ಟರು. ಇನ್ನೊಂದು ಆಯ್ದರು.

ಮಾರನೆಯ ದಿನ ನಾನೂ ರೇಡಿಯೊನೂ ಗ್ಯಾಲರಿಗೆ ಹೋದೆವು. ಮೇಸ್ತ್ರಿ ಹಿಂದಿನ ಬಾಗಿಲಲ್ಲೇ ತಡೆದ.

"ನಮ್ಮ ಮಣ್ಣು ವಾಪಸ್ ಹಾಕಿಸು" ಅಂದೆ.

"ಮಣ್ಣಿನ ಮೇಲೆ ನಿಮ್ಮ ಹೆಸರಿದೆಯಾ?"

"ಇದೆ. ಜರಡಿಯಲ್ಲಿ ಸಿಕ್ತು."

"ಆ ಜಾಗ ನಿಮ್ಮಪ್ಪಂದಾ?"

"ಜಾಗ ನಮ್ಮಪ್ಪಂದಲ್ಲ. ಮಣ್ಣು ನಮ್ಮತ್ತೇದು."

ಅವನು ಹೊಟ್ಟೆ ಹಿಡಿದು ನಕ್ಕ. "ಕಾಡಿಗೆ ಹೋಗಿ ತರೋಕೆ ದಿನಗಟ್ಟಲೆ ಬೇಕು. ಪಕ್ಕದಲ್ಲೇ ಕಪ್ಪು ಮಣ್ಣಿತ್ತು, ತಂದೆ. ಮಣ್ಣು ಮಣ್ಣೇ. ನಿಮಗೇನು ಮಣ್ಣಿಗೆ ಬರವಾ? ಬೀದಿ ತುಂಬ ಕಸ ಇದೆ, ಇನ್ನೊಂದು ಮಡಿ ಮಾಡ್ಕೊಳ್ಳಿ."

ಅಷ್ಟರಲ್ಲಿ ಬರಿಗಾಲಮ್ಮ ಬಂದಳು. ಗದ್ದಲ ಕೇಳಿ ಬಂದಿರಬೇಕು. ಮೇಸ್ತ್ರಿ ಮುದುಡಿ ಪಕ್ಕಕ್ಕೆ ಸರಿದ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕೈ ಬೆಣ್ಣೆ. ನಾನು ನಡೆದದ್ದೆಲ್ಲ ಹೇಳಿದೆ. ಅತ್ತೆ, ಗಾಜು, ಎಲೆ, ಬೂದಿ, ಪೊರಕೆ. ಕೇಳುತ್ತ ಅವಳ ಕಣ್ಣು ತೇವವಾಯಿತು. ಆಗ ನನಗೆ ಒಂದು ಕ್ಷಣ, ಇರುವುದನ್ನೇ ಹೇಳುತ್ತೇನೆ, ಇವಳು ಒಳ್ಳೆಯವಳು ಅನ್ನಿಸಿತು.

"ಎಷ್ಟು ಸುಂದರ!" ಅಂದಳು. "ಅಮ್ಮಾ, ಮಣ್ಣು ಯಾರ ಸ್ವತ್ತೂ ಅಲ್ಲ. ನಾವೇ ಮಣ್ಣಿನ ಸ್ವತ್ತು."

"ಹಾಗಾದ್ರೆ ಮೇಡಂ, ನಿಮ್ಮನೆ ತೋಟದ ಮಣ್ಣು ಬಗೆಸಬಹುದಿತ್ತಲ್ಲ?" ಅಂದಳು ರೇಡಿಯೊ.

ಬರಿಗಾಲಮ್ಮ ನಕ್ಕಳು. "ಎಷ್ಟು ಮುಗ್ಧರು ನೀವು."

ಮುಗ್ಧರು! ಬೇರೆಯವರ ಮನೆ ಬಗೆದು, ಕೇಳಲು ಬಂದವರನ್ನು ಮುಗ್ಧರು ಅನ್ನುವುದು. ಬೈಗುಳವನ್ನು ಇಷ್ಟು ಸಿಹಿಯಾಗಿ ಬೈಯುವವರನ್ನು ನಾನು ಅಲ್ಲಿತನಕ ಕಂಡಿರಲಿಲ್ಲ.

"ಮಣ್ಣು ಕೊಡ್ತೀರಾ, ಇಲ್ಲವಾ?" ಅಂದೆ.

"ಕೊಡೋದು, ತಗೊಳ್ಳೋದು, ಈ ಭಾಷೇನೇ ನಮ್ಮನ್ನ ಪ್ರಕೃತಿಯಿಂದ ದೂರ ಮಾಡಿದ್ದು." ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ. "ನನಗೊಂದು ಯೋಚನೆ ಬಂತು. ನೀವೆಲ್ಲ ಉದ್ಘಾಟನೆ ದಿನ ಬನ್ನಿ. ನಿಮ್ಮ ಅತ್ತೆಯನ್ನೂ ಕರ್ಕೊಂಡು ಬನ್ನಿ. ಮಣ್ಣಿನ ಮೇಲೆ ನಡೆದು ಬಂದವರ ಪಾದವನ್ನ ನೀವು ತೊಳೀಬೇಕು. ಮಣ್ಣಿನ ಮಕ್ಕಳ ಕೈ, ಮಣ್ಣು ಮರೆತವರ ಪಾದ. ನೋಡಿ, ಎಂಥ ಚಿತ್ರ!"

"ಅದನ್ನ ನೀವೇ ಯಾಕೆ ತೊಳೀಬಾರದು?"

"ನಾನು ಕಲಾವಿದೆ, ಅಮ್ಮ."

ಮನೆಗೆ ಬಂದು ಹೇಳಿದೆ. ಇಡೀ ಸಾಲಿನ ಹೆಂಗಸರು ಸೇರಿದ್ದರು. ಒಬ್ಬೊಬ್ಬರು ಒಂದೊಂದು ಬೈದರು. ಒಬ್ಬಳು ಬೆಂಕಿ ಹಚ್ಚೋಣ ಅಂದಳು. ಮಣ್ಣಿಗೆ ಬೆಂಕಿ ಹತ್ತುತ್ತದಾ ಅಂತ ಇನ್ನೊಬ್ಬಳು. ಅತ್ತೆ ಮಾತ್ರ ಗಾಜು ಆಯುತ್ತಲೇ ಇದ್ದರು. ಕೊನೆಗೆ ಕೇಳಿದರು:

"ಮುಂದಿನ ಬಾಗಿಲಿಂದ ಬಿಡ್ತಾರಾ?"

"ಅವತ್ತು ಬಿಡ್ತಾರಂತೆ. ಫೋಟೊ ಇದೆಯಲ್ಲ."

"ಟವೆಲ್ ಇಡೋಕೆ ಬುಟ್ಟಿ ಬೇಕು ಅಂತ ಹೇಳು. ದೊಡ್ಡ ಬುಟ್ಟಿ."

ನಾವು ಹೋದೆವು.

ಹಜಾರದ ಬಾಗಿಲಲ್ಲಿ ಬಿಳಿ ಬೋಗುಣಿಗಳು, ಬಿಸಿನೀರು. ನಮ್ಮ ಬುಟ್ಟಿಗಳಲ್ಲಿ ಮಡಿಸಿಟ್ಟ ಟವೆಲ್. ಅವತ್ತೂ ನಮ್ಮ ಕಾಲಿಗೆ ಪ್ಲಾಸ್ಟಿಕ್ ಕಟ್ಟಿದರು. ಅತ್ತೆಗೂ. ಮೊಣಕಾಲು ನೋವಿನವರು ಅವರು. ಕಾವಲಿನವನು "ಕಾಲೆತ್ತು" ಅಂದಾಗ ನನ್ನ ಹೆಗಲು ಹಿಡಿದುಕೊಂಡೇ ಎತ್ತಿದರು. ನನ್ನ ಹೆಗಲಲ್ಲಿ ಅವರ ಉಗುರು ಊರಿದ ಗುರುತು ಮೂಡಿತು.

ದೊಡ್ಡವರು ಬಂದರು. ಬೂಟು ಬಿಚ್ಚಿದರು. ಎಂಥೆಂಥ ಪಾದಗಳು! ಎಳೆಮಗುವಿನ ಕೆನ್ನೆಯ ಹಾಗೆ ನುಣುಪಾದ ಹಿಮ್ಮಡಿ. ಮಣ್ಣಿಗೆ ಇಳಿದ ಕೂಡಲೇ ಅವರ ದನಿ ಇಳಿಯಿತು. "ಆಹಾ." "ಓಹೋ." ಒಬ್ಬ ದಪ್ಪ ಮನುಷ್ಯ ಮಣ್ಣಿನ ನಡುವೆ ನಿಂತು ಅತ್ತೇಬಿಟ್ಟ. ಹೆಂಡತಿ ಬೆನ್ನು ಸವರಿದಳು. ಇನ್ನೊಬ್ಬಳು ಹಿಡಿ ಮಣ್ಣೆತ್ತಿ ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. "ದಟ್ಟ ಕಾಡಿನ ವಾಸನೆ" ಅಂದಳು.

ಅದು ನಮ್ಮ ಸಾಲಿನ ಮೀನಿನ ತಲೆ, ತಾಯೀ. ಚಹಾದ ಚರಟ. ಬೀದಿಯಲ್ಲಿ ನೀವು ಕಾರಿನ ಕಿಟಕಿಯಿಂದ ಎಸೆದ ಬಾಳೆಹಣ್ಣಿನ ಸಿಪ್ಪೆಯೂ ಅದರಲ್ಲಿದೆ. ಚೆನ್ನಾಗಿ ಮೂಸು.

ಗೋಡೆಯ ಮೇಲೊಂದು ಫಲಕ ಹಾಕಿದ್ದರು. ಅತ್ತೆಗೆ ಓದು ಬರುವುದಿಲ್ಲ.

"ಏನು ಬರೆದಿದ್ದಾರೆ?"

ರೇಡಿಯೊ ಓದಿದಳು. "ಮನುಷ್ಯನ ಕೈ ಸೋಕದ ಮಣ್ಣು."

"ಇನ್ನೊಂದ್ಸಲ ಓದು."

"ಮನುಷ್ಯನ. ಕೈ. ಸೋಕದ. ಮಣ್ಣು."

ಅತ್ತೆ ತಮ್ಮ ಕೈ ಎತ್ತಿ ನೋಡಿಕೊಂಡರು. ಮುಂಗೈ, ಅಂಗೈ. ತುದಿಯಿಲ್ಲದ ಕಿರುಬೆರಳು.

"ಹಾಗಾದ್ರೆ ಇವು ಏನು?" ಅಂದರು.

ರೇಡಿಯೊ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬರಿಗಾಲಮ್ಮನಿಗೆ ಎಲ್ಲ ಗೊತ್ತಿತ್ತು. ನಾನೇ ಹೇಳಿದ್ದೆ, ಅವಳೇ ಕಣ್ಣು ತೇವ ಮಾಡಿಕೊಂಡಿದ್ದಳು. ಗೊತ್ತಿದ್ದೂ ಆ ಫಲಕ ಹಾಗೇ ಇತ್ತು. ಒಂದೋ ಅವಳ ಫಲಕ ಸುಳ್ಳು, ಇಲ್ಲವೋ ನಮ್ಮದು ಮನುಷ್ಯರ ಕೈಯಲ್ಲ. ಎರಡರಲ್ಲಿ ಯಾವುದನ್ನು ಅಳಿಸಬೇಕು ಅಂತ ಅವಳು ಆರಿಸಿಕೊಂಡಿದ್ದಳು.

ಮೊದಲ ಪಾದ ಅವಳದೇ. ಮಣ್ಣಿನಿಂದ ನಡೆದು ಬಂದು ನನ್ನ ಮುಂದಿನ ಪೀಠದಲ್ಲಿ ಕೂತಳು. ಸುತ್ತ ಕ್ಯಾಮೆರಾ. ಬೋಗುಣಿಯಲ್ಲಿ ಪಾದ ಇಟ್ಟಳು.

"ತೊಳೀರಿ ಅಮ್ಮ. ಪ್ರೀತಿಯಿಂದ."

ನಾನು ಮಂಡಿಯೂರಿ ಕೂತಿದ್ದೆ. ನೀರಿನಲ್ಲಿ ಅವಳ ಬೆರಳ ಸಂದಿನಿಂದ ಕಪ್ಪು ಮಣ್ಣು ಎಳೆಎಳೆಯಾಗಿ ಬಿಟ್ಟುಕೊಂಡಿತು. ಅದರಲ್ಲಿ ಮೊಟ್ಟೆ ಸಿಪ್ಪೆಯ ಒಂದು ಚೂರು. ಜರಡಿಗೂ ಸಿಗದೆ ಉಳಿದಿತ್ತು. ನನಗೆ ನೆನಪಾದದ್ದು ಗೋಣಿ. ಅತ್ತೆಯ ಮೈಗೆ ಸುತ್ತಿದ ಗೋಣಿ. ಇವರ ಆಳುಗಳಿಗೆ ನಮ್ಮ ಮೈ ಮುಟ್ಟಲು ಗೋಣಿ ಬೇಕು, ಕಾಲು ಮುಟ್ಟಲು ಗ್ಲೌಸ್ ಬೇಕು. ಇವಳ ಕಾಲನ್ನು ನಾನು ಬರಿಗೈಯಲ್ಲಿ ಮುಟ್ಟಬೇಕು. ಪ್ರೀತಿಯಿಂದ.

ಎರಡೇ ಬೆರಳಲ್ಲಿ ಅವಳ ಹೆಬ್ಬೆರಳು ಹಿಡಿದೆ. ಸತ್ತ ಇಲಿ ಹಿಡಿಯುವ ಹಾಗೆ.

"ಕಾಲೆತ್ತು" ಅಂದೆ.

ಅವಳು ಕಣ್ಣು ಪಿಳುಕಿಸಿದಳು. ಜೀವಮಾನದಲ್ಲಿ ಯಾರೂ ಅವಳಿಗೆ ಹಾಗೆ ಅಂದಿರಲಿಕ್ಕಿಲ್ಲ. ಆ ಬೆರಗಿಗೇ ಎತ್ತಿದಳು.

"ಇನ್ನೊಂದು."

ಎತ್ತಿದಳು. ನಾನು ಬೋಗುಣಿ ಎಳೆದುಕೊಂಡೆ. ಮೇಲಿನ ನೀರನ್ನು ಅವರ ಬಿಳಿ ನೆಲಕ್ಕೆ ಬಗ್ಗಿಸಿ, ತಳದಲ್ಲಿ ನಿಂತ ಕೆಸರನ್ನು ಬುಟ್ಟಿಗೆ ಸುರಿದುಕೊಂಡೆ. ಟವೆಲ್ಲಿನ ಮೇಲೇ.

"ಇದೂ ನಮ್ಮದು. ಕಾಲು ನೀನೇ ತೊಳ್ಕೊ."

ಆಗ ಹಿಂದೆ ಚರ್ರ್ ಅಂತ ಸದ್ದಾಯಿತು. ಅತ್ತೆ ಕಾಲಿನ ಪ್ಲಾಸ್ಟಿಕ್ ಹರಿಯುತ್ತಿದ್ದರು. ಕಾವಲಿನವನು "ಏಯ್ ಮುದುಕಿ" ಅಂತ ಬರುವಷ್ಟರಲ್ಲಿ ಅವರು ಬರಿಗಾಲಲ್ಲಿ ಮಣ್ಣಿಗೆ ಇಳಿದಾಗಿತ್ತು. ಕೂತರು. ಎರಡೂ ಕೈಯಲ್ಲಿ ಬಾಚಿ ಬುಟ್ಟಿಗೆ ತುಂಬಲು ಶುರುಮಾಡಿದರು. ರೇಡಿಯೊ ಇಳಿದಳು. ನಾನು ಇಳಿದೆ. ಸಾಲಿನವರೆಲ್ಲ ಇಳಿದರು.

ದೊಡ್ಡವರು ಏನು ಮಾಡಿದರು ಅಂತೀರಿ? ಚಪ್ಪಾಳೆ ತಟ್ಟಿದರು.

ಆಟ ಅಂದುಕೊಂಡರು. ಅತ್ತ ದಪ್ಪ ಮನುಷ್ಯ ಮತ್ತೊಮ್ಮೆ ಅತ್ತ. "ಎಷ್ಟು ನೈಜ, ಎಷ್ಟು ನೈಜ" ಅಂದ. ಫೋನುಗಳು ಮೇಲೆದ್ದವು.

"ನಾಟಕ ಅಲ್ಲ ಇದು!" ಅಂತ ಅತ್ತೆ ಕೂಗಿದರು. "ನಮ್ಮ ಮಣ್ಣು ನಾವು ಹೊರ್ತಿದ್ದೀವಿ!"

ಚಪ್ಪಾಳೆ ಇನ್ನೂ ಜೋರಾಯಿತು. ನೀವು ಹೊಟ್ಟೆ ಸೀಳಿ ಕರುಳು ತೋರಿಸಿದರೂ ಇವರು ಬಣ್ಣ ಚೆನ್ನಾಗಿದೆ ಅನ್ನುತ್ತಾರೆ.

ಅತ್ತೆ ಮಾತು ಬಿಟ್ಟರು. ಕೆಲಸಕ್ಕೆ ಇಳಿದರು. ಮೂಸುತ್ತ ನಿಂತಿದ್ದ ಹೆಂಗಸಿನ ಮುಂದೆ ಹೋಗಿ "ಕಾಲೆತ್ತು" ಅಂದರು. ಎತ್ತಿದಳು. ಅವಳ ಪಾದದ ಅಡಿಯ ಮಣ್ಣನ್ನೂ ಕೆರೆದುಕೊಂಡರು. ದಪ್ಪ ಮನುಷ್ಯನಿಗೆ "ಎತ್ತು." ಅವನೂ ಎತ್ತಿದ. ಹಜಾರದ ತುಂಬ ದೊಡ್ಡವರು ಒಂಟಿ ಕಾಲಿನ ಕೊಕ್ಕರೆಗಳ ಹಾಗೆ ನಿಂತರು. ಅವರ ಅಡಿಯಲ್ಲಿ ಅಲ್ಲಲ್ಲಿ ಬಿಳಿ ನೆಲ ಕಾಣತೊಡಗಿತು.

ಮೇಸ್ತ್ರಿ ಬಾಗಿಲಿಂದ ನುಗ್ಗಿದ. ಬರಿಗಾಲಮ್ಮ ಅವನ ತೋಳು ಹಿಡಿದಳು. ನಗು ಬಿಡದೆ, ಹಲ್ಲಿನ ಸಂದಿಯಲ್ಲಿ "ಸುಮ್ನಿರು. ಎಲ್ಲ ರೆಕಾರ್ಡ್ ಮಾಡ್ತಿದ್ದಾರೆ" ಅಂದಳು.

ಬುಟ್ಟಿ ತುಂಬಿತು. ಸಿಂಬೆ ಇರಲಿಲ್ಲ. ಅವರ ಬಿಳಿ ಟವೆಲ್ಲನ್ನೇ ಸುತ್ತಿ ತಲೆಗಿಟ್ಟುಕೊಂಡೆವು. ಕಾವಲಿನವನು ಕೈ ಅಡ್ಡ ಹಿಡಿದ.

"ಹಿಂದಿನ ಮೆಟ್ಟಿಲು."

"ಹಿಂದಿನ ಮೆಟ್ಟಿಲಲ್ಲಿ ಬಂದಿದ್ದು ಕಳ್ಳಮಾಲು" ಅಂದರು ಅತ್ತೆ. "ಮುಂದಿನ ಬಾಗಿಲಲ್ಲಿ ಹೋಗೋದು ನಮ್ಮ ಮಾಲು. ಸರಿ ಪಕ್ಕಕ್ಕೆ."

ಅವನು ಬರಿಗಾಲಮ್ಮನ ಮುಖ ನೋಡಿದ. ಅವಳು ಕ್ಯಾಮೆರಾಗಳ ಮುಖ ನೋಡಿದಳು. ಅವನ ಕೈ ಇಳಿಯಿತು. ಮುಂದಿನ ಅಗಲವಾದ ಮೆಟ್ಟಿಲುಗಳನ್ನು ಇಳಿದೆವು. ಬರಿಗಾಲು ಕಲ್ಲನ್ನು ಗಟ್ಟಿಯಾಗಿ ಹಿಡಿಯುತ್ತಿತ್ತು. ಒಂದೊಂದು ಮೆಟ್ಟಿಲಿಗೂ ಒಂದೊಂದು ಗುರುತು ಬಿತ್ತು. ಹಿಂದೆ ಇನ್ನೂ ಚಪ್ಪಾಳೆ. ತಿರುಗಿ ನೋಡಿದೆ. ಬರಿಗಾಲಮ್ಮ ಎದೆಯ ಮೇಲೆ ಕೈಯಿಟ್ಟು ಎಲ್ಲರಿಗೂ ತಲೆ ಬಾಗಿಸುತ್ತಿದ್ದಳು.

ನಾವು ಮಣ್ಣು ಹೊಂಡಕ್ಕೆ ಸುರಿದು ಎರಡನೆಯ ಸಲ ಹೋದಾಗ ಬಾಗಿಲು ಮುಚ್ಚಿತ್ತು. ಬಡಿದೆವು. ಕಾವಲಿನವನು ಒಳಗಿನಿಂದ ಬೈದ. ನಾವು ಹೊರಗಿನಿಂದ ಬೈದೆವು. ಬೈಗುಳದಲ್ಲಿ ನಾವೇ ಗೆದ್ದೆವು, ಮಣ್ಣು ಅವರ ಹತ್ತಿರ ಉಳಿಯಿತು.

ತಂದದ್ದು ಒಂದು ಚಾಪೆಯಗಲ ಆಯಿತು. ಅಷ್ಟೇ. ಅತ್ತೆ ಅದನ್ನು ಹೊಂಡದ ಆಚೆ ತುದಿಯಲ್ಲಿ, ಗೋಡೆಯ ಬುಡದಲ್ಲಿ ಒಟ್ಟುಮಾಡಿದರು. ಮೋಟು ಪೊರಕೆಯನ್ನು ಮತ್ತೆ ಹೂತರು. ಕುಂಬಳದ ಬೇರಿನ ಮೇಲೆ ಮಣ್ಣೆಳೆದರು. ಬದುಕುತ್ತದೋ ಇಲ್ಲವೋ ಅಂತ ಯಾರೂ ಕೇಳಲಿಲ್ಲ.

ಕೆಲವು ದಿನ ಕಳೆದ ಮೇಲೆ ಕಾರು ಬಂತು. ಬರಿಗಾಲಮ್ಮ ಇಳಿದಳು. ಮುಖ ಹಬ್ಬವಾಗಿತ್ತು. ಹೊಂಡದ ಅಂಚಿಗೆ ಬಂದು ನಿಂತಳು. ಚಾಲಕ ಚಪ್ಪಲಿಯ ಚೀಲ ಹಿಡಿದು ಕಾರಿನ ಹತ್ತಿರವೇ ಉಳಿದ.

"ಅಮ್ಮಾ, ಎಲ್ಲರೂ ನಿಮ್ಮ ಬಗ್ಗೇನೇ ಮಾತಾಡ್ತಿದ್ದಾರೆ!" ಅಂದಳು. "ಜನ ಮತ್ತೆ ಮತ್ತೆ ಕೇಳ್ತಿದ್ದಾರೆ. ಪ್ರತಿ ವಾರ ಬನ್ನಿ. ಅವತ್ತಿನ ಹಾಗೇ. ಪ್ಲಾಸ್ಟಿಕ್ ಹರಿಯೋದು, ಮಣ್ಣು ತುಂಬೋದು, ಮುಂದಿನ ಮೆಟ್ಟಿಲು ಇಳಿಯೋದು. 'ಕಾಲೆತ್ತು' ಅನ್ನೋದು ಮಾತ್ರ ಮರೀಬೇಡಿ, ಅದು ಅದ್ಭುತ."

"ಹೊತ್ತ ಮಣ್ಣು?" ಅಂದರು ಅತ್ತೆ. ಆಚೆ ತುದಿಯಲ್ಲಿ ಕೂತು ಗಾಜು ಆಯುತ್ತಿದ್ದರು. ತಲೆ ಎತ್ತಲಿಲ್ಲ.

"ಅದರ ಯೋಚನೆ ಬೇಡ. ಹೊರಗೆ ಲಾರಿ ನಿಂತಿರುತ್ತೆ. ಹಿಂದಿನಿಂದ ಮತ್ತೆ ಮೇಲಕ್ಕೆ ತರಿಸ್ತೀವಿ."

"ಯಾರು ಹೊರ್ತಾರೆ?" ಅಂದೆ ನಾನು.

ಅವಳು ನನ್ನನ್ನು ನೋಡಿದಳು. ಇದೆಂಥ ಪ್ರಶ್ನೆ ಅನ್ನುವ ಹಾಗೆ. "ನೀವೇ."

ರೇಡಿಯೊ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಗೋಡೆ ಹಿಡಿದುಕೊಂಡು ನಕ್ಕಳು. "ಅಯ್ಯಯ್ಯೋ, ಕದ್ದ ಮಾಲು ವಾಪಸ್ ಕೊಟ್ಟು, ಮತ್ತೆ ಕದ್ದು, ಕದ್ದಿದ್ದನ್ನ ನಮ್ಮ ತಲೆ ಮೇಲೇ ಹೊರಿಸಿ... ಅತ್ತೇ, ಇವಳ ಮುಂದೆ ಕಳ್ಳರು ಸನ್ಯಾಸಿಗಳು!"

"ಅಮ್ಮ, ನಿಮಗೆ ಅರ್ಥ ಆಗ್ತಿಲ್ಲ. ಹತ್ತಿರ ಬಂದು ಹೇಳ್ತೀನಿ" ಅಂದು ಬರಿಗಾಲಮ್ಮ ಹೊಂಡಕ್ಕೆ ಇಳಿದಳು. ಅತ್ತೆಯ ಕೈ ಹಿಡಿಯಬೇಕಿತ್ತು ಅವಳಿಗೆ. ಕೈ ಹಿಡಿದರೆ ಎಲ್ಲ ಸರಿಹೋಗುತ್ತದೆ ಅಂತ ಅವಳ ನಂಬಿಕೆ.

ನಾಲ್ಕು ಹೆಜ್ಜೆ ಬಂದಿರಬಹುದು. ಎಡಗಾಲು ಇಟ್ಟವಳು "ಹಾ" ಅಂದು ಎತ್ತಿದಳು. ಅಂಗಾಲಲ್ಲಿ ಗಾಜು. ಸಣ್ಣ ಚೂರು. ಸಾಸಿವೆಯಷ್ಟು ರಕ್ತ. ಕಿತ್ತುಹಾಕಿ ಮುಂದೆ ನೋಡಿದಳು. ಅವಳಿಗೂ ಅತ್ತೆಗೂ ನಡುವೆ ಬಿಸಿಲಿಗೆ ಮಿನುಗುವ ಗಾಜು, ಮೊಳೆ, ಇಟ್ಟಿಗೆಯ ಚೂಪು. ಹಿಂದೆ ನೋಡಿದಳು. ಅಲ್ಲೂ ಅದೇ. ಎತ್ತಿದ ಕಾಲು ಎತ್ತಿದ ಹಾಗೇ ಇತ್ತು. ಇಡಲು ಜಾಗ ಕಾಣಲಿಲ್ಲ.

"ಇಲ್ಲಿ... ಇಲ್ಲಿ ಗಾಜಿದೆ" ಅಂದಳು.

"ಇತ್ತು" ಅಂದರು ಅತ್ತೆ. "ಅದರ ಮೇಲೆ ನಾನು ಮಣ್ಣು ಹಾಕಿದ್ದೆ."

ಇನ್ನೊಂದು ಚೂರು ಆಯ್ದು ಬದಿಗಿಟ್ಟರು. ಆಮೇಲೆ, ಮೊದಲ ಸಲ, ತಲೆಯೆತ್ತಿ ಅವಳನ್ನು ನೋಡಿದರು.

"ಹೋಗು. ನಮ್ಮ ಮಣ್ಣು ತಂದು ಇಲ್ಲಿ ಹಾಕು. ನಿನ್ನ ತಲೆ ಮೇಲೆ ಹೊತ್ತು ಹಾಕು. ಆಮೇಲೆ ಬರಿಗಾಲಲ್ಲಿ ಬಾ."

ಬರಿಗಾಲಮ್ಮ ಒಂಟಿ ಕಾಲಲ್ಲಿ ತೂಗಾಡುತ್ತಿದ್ದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ, ಆದರೂ ಅವಳ ಕತ್ತಿನ ನರ ಬಿಗಿದಿತ್ತು. ನಾವು ಯಾರೂ ಕೈ ಕೊಡಲಿಲ್ಲ. ನಾನು ಕೈ ಕಟ್ಟಿಕೊಂಡು ನಿಂತೆ. ಕೊನೆಗೆ ಅವಳು ಕಾರಿನ ಕಡೆ ತಿರುಗಿ, ಆ ಜೇನಿನಂಥ ದನಿ ಎಲ್ಲಿಗೆ ಹೋಯಿತೋ, ಕಿರುಚಿದಳು:

"ಚಪ್ಪಲಿ! ಚಪ್ಪಲಿ ತಗೊಂಡು ಬಾರೋ!"

ಚಾಲಕ ಬಂದ. ಓಡಲಿಲ್ಲ. ಗಾಜು ನೋಡಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು, ನಿಧಾನವಾಗಿ ಬಂದ. ಚೀಲದಿಂದ ಚಪ್ಪಲಿ ತೆಗೆದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಎತ್ತಿದ್ದ ಕಾಲಿಗೆ ಒಂದನ್ನು ತೊಡಿಸಿ ನೆಲಕ್ಕಿಳಿಸಿದ. ಒಮ್ಮೆ ನಮ್ಮ ಕಡೆ ನೋಡಿದ.

"ಕಾಲೆತ್ತಿ, ಮೇಡಂ" ಅಂದ.